ಔಷಧಿ ‘ಆಗಿಬರಲಿಲ್ಲ’ ಎಂದು ಸುಮ್ಮನಾಗಬೇಡಿ, ಬರೆಸಿ!



ನಮ್ಮಲ್ಲಿ ಒಂದು ಮಾತಿದೆ: ‘ಆ ಮಾತ್ರೆ ನಂಗೆ ಆಗಿಬರಲಿಲ್ಲ.’ ಎಂಥ ಸಾಧು ಮಾತು ನೋಡಿ! ಮಾತ್ರೆ ನುಂಗಿದವನಿಗೆ ಮೈತುಂಬ ದದ್ದು ಎದ್ದಿರುತ್ತದೆ. ಮುಖ ಊದಿ ಕಣ್ಣು ಮುಚ್ಚಿಹೋಗಿರುತ್ತದೆ. ಮೂರು ದಿನದಿಂದ ಒಂದು ತುತ್ತು ಅನ್ನ ಸೇರಿರುವುದಿಲ್ಲ. ಆದರೂ ಆ ಪುಣ್ಯಾತ್ಮ ಮಾತ್ರೆಯ ಮೇಲೆ ಒಂದು ಮಾತು ಆಡುವುದಿಲ್ಲ. ಆ ಮನೆ ಆಗಿಬರಲಿಲ್ಲ, ಆ ಎತ್ತು ಆಗಿಬರಲಿಲ್ಲ ಎನ್ನುವ ಹಾಗೆ ಇದೂ ಆಗಿಬರಲಿಲ್ಲ. ತಪ್ಪು ಮಾತ್ರೆಯದಲ್ಲ, ತನ್ನ ಮೈಯದು, ತನ್ನ ಹಣೆಬರಹದ್ದು!

ಡಾಕ್ಟರ ಬಳಿ ಹೋದರೆ ಅವರೂ ಅದೇ ದಾರಿ ಹಿಡಿಯುತ್ತಾರೆ. ‘ಅದನ್ನ ಬಿಟ್ಬಿಡಿ, ಬೇರೆ ಬರೆದುಕೊಡ್ತೀನಿ’ ಎನ್ನುತ್ತಾರೆ. ಸಿಸ್ಟರ್ ಒಂದು ಇಂಜೆಕ್ಷನ್ ಚುಚ್ಚುತ್ತಾರೆ. ದದ್ದು ಇಳಿಯುತ್ತದೆ. ರೋಗಿ ಕೈಮುಗಿದು ಬಸ್ಸು ಹತ್ತುತ್ತಾನೆ. ಅಲ್ಲಿಗೆ ಎಲ್ಲ ಮುಗಿಯಿತು.

ನಿಜಕ್ಕೂ ಮುಗಿಯಿತೇ? ಅದೇ ಮಾತ್ರೆ ಅದೇ ದಿನ ರಾಯಚೂರಿನಲ್ಲಿ ಒಬ್ಬರಿಗೆ, ಮಡಿಕೇರಿಯಲ್ಲಿ ಇನ್ನೊಬ್ಬರಿಗೆ ಅದೇ ರೀತಿ ಮಾಡಿದ್ದರೆ? ಅಲ್ಲಿಯೂ ‘ಆಗಿಬರಲಿಲ್ಲ’, ಇಲ್ಲಿಯೂ ‘ಆಗಿಬರಲಿಲ್ಲ’. ಮೂವರು ಡಾಕ್ಟರು, ಮೂವರು ಸಿಸ್ಟರು, ಮೂರು ಊರು. ಒಬ್ಬರಿಗೊಬ್ಬರು ಗೊತ್ತಿಲ್ಲ. ಮೂರೂ ಕಡೆಯ ಸಂಗತಿ ಒಂದು ಕಾಗದದ ಮೇಲೆ ಬಂದು ಒಂದು ಮೇಜಿನ ಮೇಲೆ ಸೇರಿದ್ದರೆ ಯಾರಾದರೂ ತಲೆಯೆತ್ತಿ ‘ಏನಪ್ಪಾ ಇದು’ ಎನ್ನುತ್ತಿದ್ದರು. ಸೇರಲಿಲ್ಲ. ನಾಲ್ಕನೆಯವನಿಗೂ ಅದೇ ಮಾತ್ರೆ ಹೋಯಿತು.

ಹೀಗೆ ಸೇರಿಸುವುದಕ್ಕೆಂದೇ ಈ ದೇಶದಲ್ಲಿ ಒಂದು ಏರ್ಪಾಡಿದೆ. ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೇಳಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ, ಯಾರೂ ಹೇಳಿಲ್ಲ. ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಎಂದು ಅದರ ಹೆಸರು. ನಾಲಗೆ ತಿರುಗದ ಹೆಸರಿಟ್ಟರೆ ಜನರಿಗೆ ಹೇಗೆ ಗೊತ್ತಾಗಬೇಕು ಸ್ವಾಮಿ? ಔಷಧ ಕಾವಲು ಎಂದರೆ ಸಾಕಿತ್ತು. ಇದು 2010ರ ಜುಲೈಯಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ ಶುರುವಾಯಿತು. 2011ರಲ್ಲಿ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗಕ್ಕೆ ಇದರ ಯಜಮಾನಿಕೆ ಬಂತು. ದೇಶದ ಮೆಡಿಕಲ್ ಕಾಲೇಜುಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಇದರ ಕೇಂದ್ರಗಳಿವೆ. ನಮ್ಮ ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆ, ಬೆಂಗಳೂರು ಮೆಡಿಕಲ್ ಕಾಲೇಜು, ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಎಲ್ಲ ಇದರಲ್ಲಿವೆ. ಅಲ್ಲಿಂದ ಹೋದ ವರದಿ ಗಾಜಿಯಾಬಾದಿಗೆ, ಗಾಜಿಯಾಬಾದಿನಿಂದ ಸ್ವೀಡನ್ ದೇಶದ ಉಪ್ಸಾಲ ಎಂಬ ಊರಿಗೆ ಹೋಗುತ್ತದೆ. ಇಡೀ ಜಗತ್ತಿನ ಇಂಥ ವರದಿಗಳು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಕೂಡಿಬೀಳುವ ಜಾಗ ಅದು.

ವರದಿ ಬರೆಯಲು ಯಾರಿಗೆ ಅಧಿಕಾರ? ಡಾಕ್ಟರಿಗೆ ಮಾತ್ರ ಅಂದುಕೊಂಡಿದ್ದರೆ ತಪ್ಪು. ದಂತವೈದ್ಯರು ಬರೆಯಬಹುದು, ಸಿಸ್ಟರ್ ಬರೆಯಬಹುದು, ಔಷಧಿ ಕೊಡುವ ಫಾರ್ಮಸಿಸ್ಟ್ ಬರೆಯಬಹುದು. ಮಾತ್ರೆ ತಿಂದ ನೀವೂ ಬರೆಯಬಹುದು. ಬರೆಯುವುದಾದರೂ ಏನು ಮಹಾ? ರೋಗಿಯ ಹೆಸರಿನ ಮೊದಲಕ್ಷರಗಳು, ವಯಸ್ಸು, ಏನು ತೊಂದರೆಯಾಯಿತು, ಯಾವ ದಿನ ಶುರುವಾಯಿತು, ಯಾವ ಔಷಧಿಯ ಮೇಲೆ ಅನುಮಾನ, ಬರೆಯುತ್ತಿರುವವರು ಯಾರು. ಮುಖ್ಯವಾದದ್ದು ಇಷ್ಟೇ. ಬ್ಯಾಚ್ ನಂಬರ್, ಕಂಪನಿ ಹೆಸರು, ಜೊತೆಗೆ ತಿನ್ನುತ್ತಿದ್ದ ಬೇರೆ ಮಾತ್ರೆಗಳು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

‘ಅನುಮಾನ’ ಎಂಬ ಪದವನ್ನು ದಯವಿಟ್ಟು ಗಮನಿಸಿ. ಸಾಬೀತು ಮಾಡಬೇಕಾಗಿಲ್ಲ. ಆ ಔಷಧಿಯಿಂದಲೇ ಹೀಗಾಯಿತು ಎಂದು ಎದೆ ತಟ್ಟಿ ಹೇಳಬೇಕಾಗಿಲ್ಲ. ಅದನ್ನು ತೂಗಿ ನೋಡುವ ಕೆಲಸ ಕೇಂದ್ರದವರದು. ಮಾತ್ರೆ ಶುರುಮಾಡಿ ಎಷ್ಟು ದಿನಕ್ಕೆ ತೊಂದರೆ ಬಂತು, ನಿಲ್ಲಿಸಿದ ಮೇಲೆ ಇಳಿಯಿತೇ, ಮತ್ತೆ ಕೊಟ್ಟಾಗ ಮತ್ತೆ ಬಂತೇ, ಕಾಯಿಲೆಯೇ ಅದಕ್ಕೆ ಕಾರಣವಿರಬಹುದೇ ಎಂದೆಲ್ಲ ನೋಡಿ ಅವರು ‘ಖಚಿತ’, ‘ಬಹುಮಟ್ಟಿಗೆ ಹೌದು’, ‘ಇರಬಹುದು’, ‘ಇರಲಾರದು’ ಎಂದು ದರ್ಜೆ ಹಾಕುತ್ತಾರೆ. ವಾರ್ಡಿನಲ್ಲಿ ನಿಂತವರ ಕೆಲಸ ಕಂಡದ್ದನ್ನು ಕಂಡ ಹಾಗೆ ಬರೆಯುವುದು. ಅಷ್ಟೇ.

ಅಷ್ಟನ್ನೂ ಮಾಡುವುದಿಲ್ಲ ಎಂಬುದೇ ಇಲ್ಲಿನ ಜಗಳ.

ನಮ್ಮ ದೇಶವೊಂದರ ಮಾತಲ್ಲ ಇದು. 2006ರಲ್ಲಿ 12 ದೇಶಗಳ 37 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ವರದಿಯಾಗದೆ ಉಳಿದ ಅಡ್ಡ ಪರಿಣಾಮಗಳ ಪಾಲು ಮಧ್ಯಾಂಕದ ಲೆಕ್ಕದಲ್ಲಿ ನೂರಕ್ಕೆ 94 ಎಂದು ಕಂಡಿತು. ನೂರರಲ್ಲಿ ಆರು! ಪಟ್ಟಿ ಹಾಕಿಕೊಂಡು ಕೆಲಸ ಮಾಡುವ ದೇಶಗಳಲ್ಲೇ ಹೀಗಾದರೆ, ಒಬ್ಬ ಸಿಸ್ಟರ್ ನಲವತ್ತು ಹಾಸಿಗೆಗೆ ಓಡಾಡುವ ನಮ್ಮ ಸರ್ಕಾರಿ ವಾರ್ಡಿನ ಗತಿಯನ್ನು ನೀವೇ ಊಹಿಸಿ.

ನಮ್ಮ ಸಿಬ್ಬಂದಿ ಏಕೆ ಬರೆಯುವುದಿಲ್ಲ? ಸೋಮಾರಿಗಳು ಎಂದು ಬೈದುಬಿಡುವುದು ಸುಲಭ. ನಾನು ಬೈಯುವುದಿಲ್ಲ. ಮೊದಲ ಕಾರಣ ಒಂದು ಪದದಲ್ಲಿದೆ. ಆಫೀಸಿನಲ್ಲಿ, ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ ‘ನಿನ್ನ ಮೇಲೆ ರಿಪೋರ್ಟ್ ಮಾಡ್ತೀನಿ’ ಎಂದರೆ ಏನರ್ಥ? ಮೇಲಿನವರಿಗೆ ಚಾಡಿ ಹೇಳುತ್ತೇನೆ, ನಿನ್ನ ಹೊಟ್ಟೆಯ ಮೇಲೆ ಹೊಡೆಸುತ್ತೇನೆ ಎಂದರ್ಥ. ಇಂಥ ನೆಲದಲ್ಲಿ ‘ರಿಪೋರ್ಟ್ ಮಾಡಿ ಸಿಸ್ಟರ್’ ಎಂದರೆ ಆಕೆಗೆ ಕೇಳುವುದು ‘ಡಾಕ್ಟರ ಮೇಲೆ ದೂರು ಕೊಡಿ’ ಎಂದೇ. ಇಂಜೆಕ್ಷನ್ ಬರೆದವರು ಡಾಕ್ಟರು, ಚುಚ್ಚಿದವರು ಸಿಸ್ಟರು. ಕಾಗದದ ಮೇಲೆ ಬಂದರೆ ಮೊದಲು ಕೇಳುವ ಪ್ರಶ್ನೆ ‘ಯಾರ ಡ್ಯೂಟಿ ಇತ್ತು?’ ಎಂದು. ಆಕೆ ಗುತ್ತಿಗೆ ಮೇಲೆ ಇರುವವಳಾದರಂತೂ ಮುಗಿದೇ ಹೋಯಿತು. ಮುಂದಿನ ವರ್ಷದ ಗುತ್ತಿಗೆ ಯಾರ ಸಹಿಯಿಂದ ಆಗಬೇಕೋ ಅವರ ಚೀಟಿಯಲ್ಲಿದ್ದ ಔಷಧಿಯ ಮೇಲೆ ಆಕೆ ಅನುಮಾನ ಬರೆಯುತ್ತಾಳೆಯೇ?

ಆ ಫಾರಂನಲ್ಲೇ ಸ್ಪಷ್ಟವಾಗಿ ಅಚ್ಚು ಹಾಕಿದ್ದಾರೆ: ವರದಿ ಕೊಟ್ಟ ಮಾತ್ರಕ್ಕೆ ಸಿಬ್ಬಂದಿಯಾಗಲಿ ಕಂಪನಿಯಾಗಲಿ ಔಷಧಿಯಾಗಲಿ ತೊಂದರೆಗೆ ಕಾರಣವೆಂದು ಒಪ್ಪಿಕೊಂಡಂತಲ್ಲ. ರೋಗಿಯ ಗುರುತು ಗುಟ್ಟಾಗಿರುತ್ತದೆ, ಬರೆದವರ ಹೆಸರನ್ನು ಸಾರ್ವಜನಿಕರು ಕೇಳಿದರೂ ಕೊಡುವುದಿಲ್ಲ. ಇಷ್ಟು ಒಳ್ಳೆಯ ಮಾತು ಕಾಗದದ ತುದಿಯಲ್ಲಿ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಕುಳಿತಿದೆ. ಅದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಪ್ರತಿ ವಾರ್ಡಿನ ಡ್ಯೂಟಿ ರೂಮಿನ ಗೋಡೆಗೆ ಅಂಟಿಸಲು ನಮ್ಮ ಆರೋಗ್ಯ ಇಲಾಖೆಗೆ ಎಷ್ಟು ಕೋಟಿ ಬೇಕು?

ಎರಡನೆಯ ಕಾರಣ ಮೇಲು ಕೀಳಿನದು. ರೋಗಿಯ ಮಗ್ಗುಲಲ್ಲಿ ಇಡೀ ರಾತ್ರಿ ಇರುವವರು ಯಾರು? ಪ್ರೊಫೆಸರ್ ಸಾಹೇಬರು ಬೆಳಿಗ್ಗೆ ರೌಂಡ್ಸಿಗೆ ಬಂದು ಎರಡು ನಿಮಿಷ ನಿಲ್ಲುತ್ತಾರೆ. ಡ್ರಿಪ್ ಹಾಕಿದ ಹತ್ತು ನಿಮಿಷಕ್ಕೆ ಚಳಿ ನಡುಕ ಬಂದದ್ದನ್ನು ಕಂಡವಳು ಸಿಸ್ಟರ್. ಮೈ ತಣ್ಣಗಾಯಿತು ಎಂದು ಓಡಿಬಂದು ಕೂಗಿದವಳು ಹಾಸಿಗೆ ಬದಲಿಸುವ ಆಯಾ. ಕಂಡವರು ಬರೆಯುವುದಿಲ್ಲ, ಬರೆಯುವವರು ಕಂಡಿರುವುದಿಲ್ಲ!

ಇದು ನಮ್ಮ ಊರಿನ ರೋಗ ಮಾತ್ರವೂ ಅಲ್ಲ. ಥಾಲಿಡೊಮೈಡ್ ಎಂಬ ಮಾತ್ರೆಯ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ನಿದ್ದೆಗೆ ಒಳ್ಳೆಯದು, ಬಸುರಿಯರ ವಾಂತಿಗೂ ಒಳ್ಳೆಯದು, ಅಪಾಯವೇ ಇಲ್ಲ ಎಂದು ಡಂಗುರ ಹೊಡೆದರು. ತಿಂದ ತಾಯಂದಿರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದವು. ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೂಸುಗಳು! 1961ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ವಿಲಿಯಂ ಮೆಕ್‌ಬ್ರೈಡ್ ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಪುಟ್ಟ ಕಾಗದ ಬರೆದರು. ನಾನು ಹೀಗೆ ಕಂಡಿದ್ದೇನೆ, ಬೇರೆ ಯಾರಾದರೂ ಕಂಡಿದ್ದೀರಾ ಎಂದು. ಅವರಿಗೆ ಜಗತ್ತಿನ ಕೀರ್ತಿ ಬಂತು. ಆದರೆ ಸಿಡ್ನಿಯ ಆ ಹೆರಿಗೆ ಆಸ್ಪತ್ರೆಯಲ್ಲಿ ಮೊದಲು ಆ ಮಾತ್ರೆಯ ಮೇಲೆ ಅನುಮಾನಪಟ್ಟವರು ಪ್ಯಾಟ್ ಸ್ಪ್ಯಾರೋ ಎಂಬ ಹೆರಿಗೆ ಸಿಸ್ಟರ್. ಆಕೆಯ ಹೆಸರು ಎಷ್ಟು ಜನಕ್ಕೆ ಗೊತ್ತು? (ಕೀರ್ತಿ ಹೊತ್ತ ಡಾಕ್ಟರ್ ಸಾಹೇಬರು ಮುಂದೆ ಬೇರೊಂದು ಔಷಧಿಯ ಸಂಶೋಧನೆಯಲ್ಲಿ ಸುಳ್ಳು ಲೆಕ್ಕ ಬರೆದದ್ದು ಸಾಬೀತಾಗಿ 1993ರಲ್ಲಿ ವೈದ್ಯರ ಪಟ್ಟಿಯಿಂದಲೇ ಹೊರಬಿದ್ದರು. ಅದು ಬೇರೆ ಕಥೆ.)

ಆ ದುರಂತದ ನಂತರ 1964ರಲ್ಲಿ ಬ್ರಿಟನ್ ಹಳದಿ ಕಾರ್ಡು ತಂದಿತು. ಅನುಮಾನ ಬಂದರೆ ಡಾಕ್ಟರು ಹಳದಿ ಕಾರ್ಡು ತುಂಬಿ ಅಂಚೆಗೆ ಹಾಕಬೇಕು. ಅಂಥ ಬ್ರಿಟನ್ನಿನಲ್ಲೂ ಸಿಸ್ಟರುಗಳ ಕೈಗೆ ಆ ಕಾರ್ಡು ಬರಲು 2002 ಆಗಬೇಕಾಯಿತು, ರೋಗಿಗಳಿಗೆ 2005. ಕಣ್ಣೆದುರು ಕಂಡವಳನ್ನು ಕೇಳಲು ಮೂವತ್ತೆಂಟು ವರ್ಷ! ನಮ್ಮಲ್ಲಿ ಸಿಸ್ಟರಿಗೂ ರೋಗಿಗೂ ಕಾಗದದ ಮೇಲೆ ಹಕ್ಕು ಬಂದಾಗಿದೆ. ಕಾಗದದ ಮೇಲೆ ಮಾತ್ರ.

ಈಗ ಬಳ್ಳಾರಿಗೆ ಬನ್ನಿ. ಈ ಹೆಸರು ಕೇಳಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳದ ಕನ್ನಡಿಗ ಇರಲಾರ. 2024ರ ನವೆಂಬರ್ ಎರಡನೇ ವಾರ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಹದಗೆಟ್ಟರು. ಮೂತ್ರಪಿಂಡ ಕೈಕೊಟ್ಟಿತು, ಬೇರೆ ಅಂಗಗಳೂ ಸೋತವು. ಒಟ್ಟು ಐವರು ಬಾಣಂತಿಯರು ಸತ್ತರು. ಐದು ಕೂಸುಗಳು ತಾಯಿಯ ಮುಖ ನೋಡಲಿಲ್ಲ. ಅನುಮಾನ ಬಿದ್ದದ್ದು ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಒಂದು ಕಂಪನಿಯ ಮಾಲು. ಆ ಕಂಪನಿಯ ದ್ರಾವಣದ ಗುಣಮಟ್ಟದ ಬಗ್ಗೆ ನಮ್ಮ ರಾಜ್ಯದವರಿಗೆ ಮೊದಲೇ ಅನುಮಾನ ಬಂದು ಸರಕು ತಡೆಹಿಡಿದಿದ್ದರು. ಕೇಂದ್ರದ ಪ್ರಯೋಗಾಲಯ ಸರಿಯಾಗಿದೆ ಎಂದ ಮೇಲೆ ಮತ್ತೆ ವಾರ್ಡಿಗೆ ಬಂತು. ಸಾವಿನ ನಂತರ ರಾಜ್ಯ ಸರ್ಕಾರ ಕಂಪನಿಯನ್ನು ಕಪ್ಪುಪಟ್ಟಿಗೆ ಹಾಕಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಕುರಿ ಕಳೆದ ಮೇಲೆ ದೊಡ್ಡಿಗೆ ಬೀಗ!

ಎರಡು ತಿಂಗಳು ಕಳೆಯಲಿಲ್ಲ. 2025ರ ಜನವರಿಯಲ್ಲಿ ಬಂಗಾಳದ ಮಿಡ್ನಾಪುರ ಮೆಡಿಕಲ್ ಕಾಲೇಜಿನಲ್ಲಿ ಸಿಸೇರಿಯನ್ ಆದ ಬಾಣಂತಿ ಸತ್ತರು, ಜೊತೆಯವರು ಹದಗೆಟ್ಟರು. ಅಲ್ಲಿಯೂ ಅನುಮಾನ ಅದೇ ಕಂಪನಿಯ ದ್ರಾವಣದ ಮೇಲೆ. ಬಳ್ಳಾರಿಯ ಕೂಗು ಬಂಗಾಳದ ವಾರ್ಡಿಗೆ ಏಕೆ ತಲುಪಲಿಲ್ಲ? ಒಂದೇ ದೇಶ, ಒಂದೇ ಕಾನೂನು ಎಂದು ಭಾಷಣ ಬಿಗಿಯುವವರು ಇದಕ್ಕೆ ಉತ್ತರ ಕೊಡಲಿ.

ಅಲ್ಲಿ ಆಮೇಲೆ ಏನಾಯಿತು ಎಂಬುದನ್ನೂ ನೋಡಿ. ಬಂಗಾಳ ಸರ್ಕಾರ 12 ಮಂದಿ ಡಾಕ್ಟರುಗಳನ್ನು ಅಮಾನತು ಮಾಡಿತು. ಹಿರಿಯರು ಜಾಗದಲ್ಲಿರಲಿಲ್ಲ, ಕಲಿಯುತ್ತಿರುವವರು ಆಪರೇಷನ್ ಮಾಡಿದರು ಎಂಬ ಆರೋಪ. ಅದರಲ್ಲಿ ಹುರುಳಿದ್ದರೆ ಶಿಕ್ಷೆಯಾಗಲಿ, ಬೇಡವೆನ್ನುವವರು ಯಾರು? ಆದರೆ ಇದನ್ನು ಓದಿದ ನಮ್ಮ ಬೀದರಿನ, ಚಾಮರಾಜನಗರದ ಹೌಸ್ ಸರ್ಜನ್ನು, ಸಿಸ್ಟರು ಕಲಿಯುವ ಪಾಠವೇನು? ‘ಬಾಯಿ ಬಿಟ್ಟರೆ ಮೊದಲು ಹೋಗುವುದು ನಮ್ಮ ತಲೆ’ ಎಂದು. ಡ್ರಿಪ್ಪಿನಲ್ಲಿ ದೋಷವಿತ್ತೇ, ಕೈಯಲ್ಲಿ ದೋಷವಿತ್ತೇ ಎಂಬುದು ಬೇರೆ ಬೇರೆ ವಿಚಾರಣೆ. ಎರಡನ್ನೂ ಒಂದೇ ಗೋಣಿಚೀಲದಲ್ಲಿ ತುಂಬಿದರೆ ಮುಂದಿನ ಸಲ ಬಾಟಲಿಯ ಬ್ಯಾಚ್ ನಂಬರ್ ಬರೆದಿಡುವ ಬದಲು ಬಾಟಲಿಯನ್ನೇ ಕಸದ ಡಬ್ಬಿಗೆ ಎಸೆದುಬಿಡುತ್ತಾರೆ. ಆಗ ಯಾವ ಸಮಿತಿ ಬಂದರೂ ಕೈಗೆ ಸಿಗುವುದು ಸೊನ್ನೆ.

ಮೊದಲನೆಯ ಬಾಣಂತಿಗೆ ಮೂತ್ರ ನಿಂತ ಕ್ಷಣದಿಂದ ಎರಡನೆಯವರಿಗೆ ಅದೇ ಬ್ಯಾಚಿನ ಬಾಟಲಿ ತೂಗುಹಾಕುವ ಕ್ಷಣದವರೆಗೆ ಇರುವ ಸಮಯ, ಅದೇ ಬೆಲೆಯುಳ್ಳ ಸಮಯ. ಆ ಹೊತ್ತಿನಲ್ಲಿ ವಾರ್ಡಿನಲ್ಲಿ ನಿಂತ ಸಿಸ್ಟರ್ ‘ಈ ಬ್ಯಾಚ್ ಪಕ್ಕಕ್ಕಿಡಿ, ಅನುಮಾನವಿದೆ’ ಎಂದು ಹೇಳಲು ಧೈರ್ಯವಿರಬೇಕು, ಹೇಳಿದರೆ ಕೇಳುವ ಕಿವಿಯಿರಬೇಕು. ಬಾಟಲಿ ಎಸೆಯದೆ ಎತ್ತಿಡಲು ಬೀರುವೊಂದು ಇರಬೇಕು.

ಇನ್ನು ಭಾಷೆಯ ಮಾತಿಗೆ ಬರೋಣ. ‘ಈ ಪತ್ರಿಕೆಯವರು ಎಲ್ಲಿ ಹೋದರೂ ಕನ್ನಡವನ್ನೇ ಎಳೆದು ತರುತ್ತಾರೆ’ ಎಂದು ಮೂಗು ಮುರಿಯುವವರು ಸ್ವಲ್ಪ ತಾಳ್ಮೆಯಿಂದ ಓದಲಿ.

ಔಷಧಿಯ ಅಡ್ಡ ಪರಿಣಾಮ ಮೊದಲು ಗೊತ್ತಾಗುವುದು ಯಾವ ಯಂತ್ರದಲ್ಲಿ? ರಕ್ತಪರೀಕ್ಷೆಯಲ್ಲಿ ಅಲ್ಲ, ಸ್ಕ್ಯಾನಿಂಗಿನಲ್ಲಿ ಅಲ್ಲ. ಬಹಳ ಸಲ ರೋಗಿಯ ಬಾಯಿಯಲ್ಲಿ. ‘ಯಾಕೋ ಮೈ ಜುಮ್ ಅಂತಿದೆ ಸಿಸ್ಟರ್’, ‘ಎದ್ದು ನಿಂತ್ರೆ ಕಣ್ಣು ಕತ್ತಲೆ ಕಟ್ಟುತ್ತೆ’, ‘ಹೊಟ್ಟೆ ತೊಳಸುತ್ತೆ’, ‘ಎದೆ ಡವಡವ ಅನ್ನುತ್ತೆ’. ಹುಬ್ಬಳ್ಳಿ ಕಡೆಯವರಾದರೆ ‘ಮೈಯೆಲ್ಲಾ ಕಡೀತೈತ್ರಿ, ಜೀವಕ್ಕ ಸಂಕಟ ಆಗಾಕತ್ತೈತ್ರಿ’ ಎನ್ನುತ್ತಾರೆ. ಈ ಒಂದೊಂದು ಮಾತಿನಲ್ಲೂ ಒಂದೊಂದು ಗುಟ್ಟಿದೆ. ಕಣ್ಣು ಕತ್ತಲೆ ಕಟ್ಟುವುದು ಬೇರೆ, ತಲೆ ಗಿರ್ರೆನ್ನುವುದು ಬೇರೆ. ಮೊದಲನೆಯದಕ್ಕೆ ಬಿಪಿ ಮಾತ್ರೆ ಹೆಚ್ಚಾಗಿ ರಕ್ತದೊತ್ತಡ ಬಿದ್ದದ್ದು ಕಾರಣವಿರಬಹುದು, ಎರಡನೆಯದಕ್ಕೆ ಕಿವಿಯೊಳಗಿನ ಪೆಟ್ಟು ಕಾರಣವಿರಬಹುದು. ಕ್ಷಯಕ್ಕೆ ಹಿಂದೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕಿವಿಗೆ ಹಾಗೆ ಪೆಟ್ಟು ಕೊಡುತ್ತಿತ್ತು.

ಈಗ ಆ ಹಾಸಿಗೆಯ ಮುಂದೆ ಕನ್ನಡದ ಗಂಧಗಾಳಿಯಿಲ್ಲದ ಡ್ಯೂಟಿ ಡಾಕ್ಟರನ್ನು ನಿಲ್ಲಿಸಿ. ದೊಡ್ಡ ಖಾಸಗಿ ಆಸ್ಪತ್ರೆಯಾದರೆ ಸಿಸ್ಟರೂ ಹೊರಗಿನವರೇ. ಪಾಪ, ಅವರು ಕೆಲಸಗಳ್ಳರೆಂದು ನಾನು ಹೇಳುತ್ತಿಲ್ಲ, ನಮ್ಮವರ ಜೀವ ಉಳಿಸಲು ರಾತ್ರಿಯೆಲ್ಲ ಎದ್ದಿರುವವರೇ. ಆದರೆ ಅಜ್ಜಿ ‘ಜೀವಕ್ಕ ಸಂಕಟ’ ಎಂದರೆ ಅವರಿಗೆ ಏನು ತಿಳಿಯಬೇಕು? ವಾರ್ಡ್ ಬಾಯ್ ತನಗೆ ತಿಳಿದ ಮಟ್ಟಿಗೆ ಅನುವಾದಿಸುತ್ತಾನೆ. ಅವನು ಹೇಳಿದ್ದರಲ್ಲಿ ಅರ್ಧ ಕೇಸ್ ಶೀಟಿಗೆ ಇಂಗ್ಲಿಷಿನಲ್ಲಿ ಹೋಗುತ್ತದೆ. ಬೇರೆ ಅರ್ಧ ಗಾಳಿಗೆ. ಎಷ್ಟೋ ಸಲ ಏನೂ ಹೋಗುವುದಿಲ್ಲ, ‘ರೋಗಿಗೆ ಹೊಸ ದೂರುಗಳಿಲ್ಲ’ ಎಂಬ ಒಂದು ಸಾಲು ಬೀಳುತ್ತದೆ. ದೂರು ಇಲ್ಲವೇ? ಇತ್ತು ಸ್ವಾಮಿ, ಕನ್ನಡದಲ್ಲಿತ್ತು!

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ಡಾಕ್ಟರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಆಗಲೂ ಕೆಲವು ಮಹನೀಯರು ನಕ್ಕರು. ಔಷಧಿಯ ಹೆಸರನ್ನು ಯಾವ ಲಿಪಿಯಲ್ಲಿ ಬರೆದರೆ ಅಂಗಡಿಯವನಿಗೆ ಸುಲಭ ಎಂಬುದನ್ನು ಚರ್ಚೆ ಮಾಡೋಣ, ಅದರಲ್ಲಿ ಎರಡು ಅಭಿಪ್ರಾಯವಿರಬಹುದು. ಆದರೆ ನನ್ನ ಮೈಗೆ ಏನಾಯಿತು ಎಂದು ನಾನು ಹೇಳಿದ ಮಾತು ನಾನು ಹೇಳಿದ ಹಾಗೆ ದಾಖಲಾಗಬೇಕು ಎಂಬುದರಲ್ಲಿ ಎರಡು ಅಭಿಪ್ರಾಯಕ್ಕೆ ಜಾಗವೆಲ್ಲಿದೆ?

ಇಲ್ಲಿಯೇ ಒಂದು ಸ್ವಾರಸ್ಯವಿದೆ. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲಿ ಇದೆ! ಹೌದು, ನೀವು ಓದಿದ್ದು ಸರಿಯೇ. ಗಾಜಿಯಾಬಾದಿನವರು ಹಲವು ಭಾರತೀಯ ಭಾಷೆಗಳಲ್ಲಿ ಅದನ್ನು ಹೊರತಂದಿದ್ದಾರೆ, ಅದರಲ್ಲಿ ಕನ್ನಡವೂ ಸೇರಿದೆ. ಉತ್ತರದವರು ಕೊಡಲಿಲ್ಲ ಎಂದು ಈ ಒಂದು ವಿಷಯದಲ್ಲಿ ನಾವು ಬೊಬ್ಬೆ ಹಾಕುವಂತಿಲ್ಲ. ಅವರು ಕೊಟ್ಟಿದ್ದಾರೆ. ಅದನ್ನು ಅಚ್ಚು ಹಾಕಿಸಿ ನಮ್ಮ ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯ ಪಕ್ಕ ಒಂದು ಕಟ್ಟು ಇಡಿಸಲು ಬೆಂಗಳೂರಿನಲ್ಲಿ ಕುಳಿತ ನಮ್ಮವರ ಕೈಗೆ ಏನಾಗಿದೆ? ಪ್ರತಿ ಸೆಪ್ಟೆಂಬರ್ 17ರಿಂದ 23ರವರೆಗೆ ಔಷಧ ಕಾವಲಿನ ರಾಷ್ಟ್ರೀಯ ಸಪ್ತಾಹ ನಡೆಯುತ್ತದೆ, 2021ರಿಂದ ಶುರುವಾಗಿದೆ. ಕಾಲೇಜುಗಳಲ್ಲಿ ಬ್ಯಾನರ್ ಕಟ್ಟುತ್ತಾರೆ, ರಂಗೋಲಿ ಸ್ಪರ್ಧೆ ಮಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮಾಡಲಿ. ಹೊರರೋಗಿಗಳ ಸಾಲಿನಲ್ಲಿ ನಿಂತ ರೈತನ ಕೈಗೆ ಆ ಕನ್ನಡದ ಫಾರಂ ಹೋಗದಿದ್ದರೆ ರಂಗೋಲಿ ಯಾರಿಗೆ?

‘ಬರೆದರೆ ಏನಾಗುತ್ತದೆ, ಎಲ್ಲ ಕಡತದಲ್ಲಿ ಕೊಳೆಯುತ್ತದೆ’ ಎನ್ನುವ ನಿರಾಶರಿಗೆ ಒಂದು ಉದಾಹರಣೆ ಕೊಡುತ್ತೇನೆ. ಮುಟ್ಟಿನ ಹೊಟ್ಟೆನೋವಿಗೆ ನಮ್ಮ ಹೆಣ್ಣುಮಕ್ಕಳು ಅಂಗಡಿಯಿಂದ ತಂದು ನುಂಗುವ ಮೆಫೆನಾಮಿಕ್ ಆಸಿಡ್ ಮಾತ್ರೆ ಇದೆಯಲ್ಲ, ಅದರ ಬಗ್ಗೆ 2023ರ ನವೆಂಬರ್ ಕೊನೆಯಲ್ಲಿ ಆಯೋಗ ದೇಶಕ್ಕೇ ಎಚ್ಚರಿಕೆ ಕೊಟ್ಟಿತು. ಆ ಮಾತ್ರೆಯಿಂದ ಅಪರೂಪಕ್ಕೆ ‘ಡ್ರೆಸ್’ ಎಂಬ ಭಯಂಕರ ಪ್ರತಿಕ್ರಿಯೆ ಬರಬಹುದು: ಮೈತುಂಬ ದದ್ದು, ಜ್ವರ, ಗಂಟಲ ಗ್ರಂಥಿಗಳ ಬಾವು, ಲಿವರಿಗೂ ಪೆಟ್ಟು. ಈ ಎಚ್ಚರಿಕೆ ಆಕಾಶದಿಂದ ಉದುರಲಿಲ್ಲ. ದೇಶದ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಯಾರೋ ಕುಳಿತು ಬರೆದ ವರದಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಬಂದದ್ದು. ಈ ಪ್ರತಿಕ್ರಿಯೆಯ ಕುತಂತ್ರ ಏನೆಂದರೆ, ಮಾತ್ರೆ ಶುರುಮಾಡಿದ ಎರಡರಿಂದ ಎಂಟು ವಾರಗಳ ನಂತರ ಬರುತ್ತದೆ. ಅಷ್ಟು ಹೊತ್ತಿಗೆ ಮಾತ್ರೆ ನುಂಗಿದ್ದೇ ಮರೆತಿರುತ್ತದೆ. ಡಾಕ್ಟರು ಡೆಂಗ್ಯೂ ಎಂದುಕೊಳ್ಳುತ್ತಾರೆ, ಮನೆಯವರು ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ತರುತ್ತಾರೆ. ‘ಹೋದ ತಿಂಗಳು ಏನಾದ್ರೂ ಮಾತ್ರೆ ತಗೊಂಡಿದ್ಯಾ ಮಗಳೇ?’ ಎಂದು ಅವಳಿಗೆ ತಿಳಿಯುವ ಭಾಷೆಯಲ್ಲಿ ಕೇಳುವ ಒಬ್ಬ ಸಿಸ್ಟರ್ ಬೇಕು. ಆ ಒಂದು ಪ್ರಶ್ನೆಗೆ ಲಕ್ಷ ರೂಪಾಯಿಯ ಯಂತ್ರ ಸಮವಲ್ಲ.

ಲಸಿಕೆಯ ವಿಷಯದಲ್ಲಿ ಇದೇ ನಾಡಿನಲ್ಲಿ ಇದು ನಡೆಯುತ್ತಿದೆ, ಗೊತ್ತೇ? ಕೂಸಿಗೆ ಲಸಿಕೆ ಹಾಕಿದ ಮೇಲೆ ಫಿಟ್ಸ್ ಬಂದರೆ, ಆಸ್ಪತ್ರೆಗೆ ಸೇರಿಸಬೇಕಾದರೆ, ಆಶಾ ಕಾರ್ಯಕರ್ತೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಅವರಿಂದ ಜಿಲ್ಲೆಯ ಲಸಿಕಾ ಅಧಿಕಾರಿಗೆ ಸುದ್ದಿ ಮುಟ್ಟಬೇಕೆಂಬ ದಾರಿ ಇದೆ. ಹಳ್ಳಿಯ ಆಶಾ ತಾಯಿಗೆ ಆ ದಾರಿ ಗೊತ್ತು, ಏಕೆಂದರೆ ಅವಳಿಗೆ ಕನ್ನಡದಲ್ಲಿ ಕೂರಿಸಿ ಹೇಳಿಕೊಟ್ಟಿದ್ದಾರೆ. ಮಾತ್ರೆಗೆ, ಇಂಜೆಕ್ಷನ್ನಿಗೆ, ಡ್ರಿಪ್ಪಿಗೆ ಏಕೆ ಹೇಳಿಕೊಡಬಾರದು?

ಒಂದು ಎಚ್ಚರಿಕೆಯ ಮಾತು. ಇದನ್ನೋದಿ ಹೆದರಿ ನಾಳೆಯಿಂದ ಮಾತ್ರೆ ಬಿಟ್ಟುಬಿಡಬೇಡಿ. ಕ್ಷಯದ ಮಾತ್ರೆ ನುಂಗುವವರಿಗೆ ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಅದೇ ಕ್ಷಯದ ಮಾತ್ರೆಗಳಿಂದ ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು, ಅದು ಲಿವರಿನ ವಿಷಯ. ಬಿಪಿಯ ಅಮ್ಲೊಡಿಪಿನ್ ಮಾತ್ರೆಯಿಂದ ಕಾಲು ಊದುವುದುಂಟು, ಎನಲಾಪ್ರಿಲ್‌ನಿಂದ ಒಣಕೆಮ್ಮು ಹಿಡಿಯುವುದುಂಟು. ಮಾತ್ರೆ ಬದಲಿಸಿದರೆ ಹೋಗುತ್ತವೆ. ಕೆಮ್ಮಿಗೆ ಕಷಾಯ ಕುಡಿಯುತ್ತಾ ತಿಂಗಳುಗಟ್ಟಲೆ ಕೂರಬೇಡಿ, ನೀವಾಗಿಯೇ ಮಾತ್ರೆ ನಿಲ್ಲಿಸಲೂ ಬೇಡಿ. ಹೋಗಿ ಹೇಳಿ.

ಹೇಗೆ ಹೇಳಬೇಕು? ಮಾತ್ರೆಯ ಪಟ್ಟಿಯನ್ನು ಎಸೆಯದೆ ಕೊಂಡೊಯ್ಯಿರಿ. ಹೆಸರು ಓದಲು ಬರದಿದ್ದರೂ ಚಿಂತೆಯಿಲ್ಲ, ಬ್ಯಾಚ್ ನಂಬರ್ ಅದರ ಮೇಲೇ ಇರುತ್ತದೆ. ಅದಕ್ಕೇ ಕತ್ತರಿಯಲ್ಲಿ ಎರಡು ಮಾತ್ರೆ ಕತ್ತರಿಸಿ ಕೊಡುವ ಅಂಗಡಿಯವನಿಗೆ ನಂಬರ್ ಇರುವ ತುಂಡನ್ನೇ ಕೇಳಿ. ಎಂದಿನಿಂದ ನುಂಗಿದಿರಿ, ಎಂದು ತೊಂದರೆ ಬಂತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಟಿ ಔಷಧಿ, ಆಯುರ್ವೇದದ ಪುಡಿ ತಿನ್ನುತ್ತಿದ್ದರೆ ಮುಚ್ಚಿಡದೆ ಅದನ್ನೂ ಹೇಳಿ. ನಾಚಿಕೆ ಬೇಡ. ಡಾಕ್ಟರು ‘ಬೇರೆ ಬರೆದುಕೊಡ್ತೀನಿ’ ಎಂದಾಗ ಕೈಮುಗಿದು ಕೇಳಿ: ‘ಸಾರ್, ಇದನ್ನ ಅಡ್ಡ ಪರಿಣಾಮದ ಫಾರಂನಲ್ಲಿ ಬರೀತೀರಾ?’ ಜಗಳವಾಡಬೇಡಿ. ಸಿಸ್ಟರ ಮೇಲೆ ಕೂಗಾಡಬೇಡಿ, ಕೈಯೆತ್ತಲೇಬೇಡಿ. ನಮ್ಮ ಜನ ಆಸ್ಪತ್ರೆಯ ಗಾಜು ಒಡೆಯುವ ಚಟ ಬಿಡುವ ತನಕ ಆಸ್ಪತ್ರೆಯವರು ನಡೆದದ್ದನ್ನು ಕಾಗದದ ಮೇಲೆ ಬರೆಯುವುದಿಲ್ಲ, ಇದನ್ನು ನಾವೂ ಒಪ್ಪಿಕೊಳ್ಳಬೇಕು.

ಅವರು ಬರೆಯದಿದ್ದರೆ 1800-180-3024. ಕಾಸಿಲ್ಲದ ಫೋನು, ಸರ್ಕಾರದ್ದೇ, ಕೆಲಸದ ದಿನಗಳಲ್ಲಿ. ಕನ್ನಡದಲ್ಲೇ ಮಾತು ಶುರುಮಾಡಿ. ನಮಗೆ ಆ ಫೋನಿನಲ್ಲಿ ಕನ್ನಡದಲ್ಲಿ ಉತ್ತರ ಸಿಗಬೇಕು, ಇದು ಬೇಡಿಕೆ ನಂಬರ್ ಒಂದು ಎಂದೇ ಇಟ್ಟುಕೊಳ್ಳಿ. ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕನ್ನಡದ ಫಾರಂ ಇರಬೇಕು. ವರದಿ ಬರೆದ ಸಿಸ್ಟರಿಗೆ, ಫಾರ್ಮಸಿಸ್ಟಿಗೆ ವರದಿಯ ಕಾರಣಕ್ಕೆ ಮೆಮೊ ಕೊಡುವಂತಿಲ್ಲ ಎಂದು ಆರೋಗ್ಯ ಇಲಾಖೆ ಲಿಖಿತ ಆದೇಶ ಹೊರಡಿಸಬೇಕು. ಹಾಸಿಗೆಯ ಪಕ್ಕ ನಿಲ್ಲುವ ಸಿಬ್ಬಂದಿ, ಸರ್ಕಾರಿಯಾಗಲಿ ಖಾಸಗಿಯಾಗಲಿ, ರೋಗಿ ಹೇಳುವ ಕನ್ನಡ ತಿಳಿಯುವಷ್ಟಾದರೂ ಕಲಿಯಬೇಕು. ಬರೆದವರಿಗೆ ‘ನಿಮ್ಮ ವರದಿ ಮುಟ್ಟಿತು, ಹೀಗೆ ತೀರ್ಮಾನಿಸಿದೆವು’ ಎಂದು ಒಂದು ಸಾಲಿನ ಉತ್ತರ ಬರಬೇಕು. ಒಮ್ಮೆ ಉತ್ತರ ಬಂದರೆ ಆ ಸಿಸ್ಟರ್ ಮತ್ತೆ ಬರೆಯುತ್ತಾಳೆ.

ಮುಂದಿನ ವಾರ ನಿಮ್ಮ ಊರಿನ ಆಸ್ಪತ್ರೆಗೆ ಹೋದಾಗ, ಕಾಯಿಲೆಯಿಲ್ಲದಿದ್ದರೂ ಸರಿ, ಔಷಧಿ ಕಿಟಕಿಯಲ್ಲಿ ಆ ಫಾರಂ ಕೇಳಿ ನೋಡಿ. ಕೊಟ್ಟರೆ ಕೊಟ್ಟವರಿಗೆ ಒಂದು ನಮಸ್ಕಾರ ಹೇಳಿ. ‘ಅಂಥದ್ದು ಯಾವುದೂ ಇಲ್ಲ’ ಎಂದರೆ ಊರು, ಆಸ್ಪತ್ರೆ, ತಾರೀಕು ಬರೆದು ಒಂದು ಕಾರ್ಡು ಹಾಕಿ, ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ, ಒಂದು 'ನಮ್ಮ ಪತ್ರಿಕೆಗೆ'.